ಲಗೂ ಬರ್ರಿ

ಸೈರನ್ ಕೂಗಿದರೆ ಮನುಷ್ಯ ಓಡುತ್ತಾನೆ ಎಂದು ನಂಬುವವರು ಕಾರ್ಖಾನೆಯಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಸೈರನ್ ಕೂಗಿದರೆ ಮನುಷ್ಯ ಮೊದಲು ಪಕ್ಕದವನ ಮುಖ ನೋಡುತ್ತಾನೆ. ಪಕ್ಕದವನು ಇವನ ಮುಖ ನೋಡುತ್ತಾನೆ. ಕೈಯಲ್ಲಿದ್ದ ನಟ್ಟನ್ನು ಪೂರ್ತಿ ಬಿಗಿ ಮಾಡಿ, ಊಟದ ಡಬ್ಬಿ ಹುಡುಕಿಕೊಂಡು, "ಖರೇನೋ, ಅಣಕೋ?" ಎಂದು ಕೇಳಿ, ಅಣಕು ಎಂದು ಖಾತ್ರಿ ಮಾಡಿಕೊಂಡು ನಿಧಾನಕ್ಕೆ ಹೊರಡುತ್ತಾನೆ. ತುರ್ತು ತಾಲೀಮಿಗೆ ಕನ್ನಡದಲ್ಲಿ 'ಅಣಕು ಕಾರ್ಯಾಚರಣೆ' ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ನಿಮ್ಮನ್ನು ಅಣಕಿಸುತ್ತೇವೆ, ಗಂಭೀರವಾಗಿ ತೆಗೆದುಕೊಳ್ಳಿ ಎಂದರೆ ಯಾರು ತೆಗೆದುಕೊಂಡಾರು?

ನಾನು ಮೀನಾಕ್ಷಿ ಪತ್ತಾರ. ತುಂಗಭದ್ರೆಯ ದಂಡೆಯ ಮೇಲಿನ ಗೊಬ್ಬರದ ಕಾರ್ಖಾನೆಯೊಂದರ ತುರ್ತು ನಿರ್ವಹಣಾ ವಿಭಾಗದಲ್ಲಿ ಕೆಲಸ. ಅಪ್ಪ ಮೌನೇಶಪ್ಪ ಅದೇ ಕಾರ್ಖಾನೆಯ ಅಮೋನಿಯಾ ಪಂಪ್‌ಹೌಸಿನಲ್ಲಿ ಫಿಟ್ಟರು. ಅಪ್ಪ ಕೆಲಸಕ್ಕೆ ಸೇರಿದಾಗ ನಮ್ಮ ವಿಭಾಗವೆಂದರೆ ಗೇಟಿನ ಪಕ್ಕದ ಒಂದು ಕೋಣೆ, ಅದರೊಳಗೆ ಮಿಲಿಟರಿಯಿಂದ ನಿವೃತ್ತನಾಗಿ ಬಂದ ಒಬ್ಬ ಹವಾಲ್ದಾರ, ಹೊರಗೆ ಸಾಲಾಗಿ ನೇತುಹಾಕಿದ ಮರಳು ತುಂಬಿದ ಕೆಂಪು ಬಕೀಟು. ಮರಳಿನ ಮೇಲೆಲ್ಲ ಎಲೆಅಡಿಕೆಯ ಉಗುಳು. ಬೆಂಕಿ ಬಿದ್ದ ಮೇಲೆ ಹವಾಲ್ದಾರನನ್ನು ಎಬ್ಬಿಸುತ್ತಿದ್ದರಂತೆ. ಈಗ ನಮಗೆ ಆಡಳಿತ ಕಟ್ಟಡದಲ್ಲಿ ಒಂದಿಡೀ ಮಹಡಿ. ಹೊಸ ಪೈಪು ಎಲ್ಲಿ ಹಾಯಬೇಕು, ಯಾವ ಪಾಳಿಯಲ್ಲಿ ಎಷ್ಟು ಜನ ಇರಬೇಕು, ಕ್ಯಾಂಟೀನಿನ ಬಾಗಿಲು ಯಾವ ಕಡೆ ತೆರೆಯಬೇಕು, ಎಲ್ಲಕ್ಕೂ ನಮ್ಮ ಒಪ್ಪಿಗೆ ಬೇಕು. ಬರಬರುತ್ತ, ಮನುಷ್ಯ ಯಾರ ಮಾತು ಕೇಳಬೇಕು ಎನ್ನುವುದನ್ನೂ ನಾವೇ ತೀರ್ಮಾನಿಸತೊಡಗಿದೆವು. ಅದರ ಹೆಸರು 'ಕರೆ'.

'ಕರೆ'ಯ ಹಿಂದಿನ ಯೋಚನೆ ಸರಳ. ಸೈರನ್ನಿಗೆ ಏಳದವನು ತನ್ನವರು ಕರೆದರೆ ಏಳುತ್ತಾನೆ. ಹಾಗಾದರೆ ತನ್ನವರ ದನಿಯನ್ನೇ ಅವನ ಕಿವಿಯಲ್ಲಿಟ್ಟರೆ? ಪ್ರತಿಯೊಬ್ಬರ ಹೆಲ್ಮೆಟ್ಟಿನೊಳಗೆ ಕಿವಿಯ ಹಿಂದೆ ಒಂದು ಸಣ್ಣ ಬಿಲ್ಲೆ ಕೂರಿಸಿದೆವು. ಮನೆಯವರು ಒಂದೆರಡು ಮಾತಾಡಿದ ಮಾದರಿ ಸಿಕ್ಕರೆ ಸಾಕು, ಆ ದನಿಯಲ್ಲಿ ಯಂತ್ರ ಏನನ್ನು ಬೇಕಾದರೂ ಹೇಳಬಲ್ಲದು. ಗಾಳಿ ಎತ್ತ ಬೀಸುತ್ತಿದೆ, ಯಾವ ಗೇಟು ಸುರಕ್ಷಿತ ಎಂದು ನೋಡಿ ಅತ್ತ ಕರೆಯುತ್ತದೆ. ಮನುಷ್ಯ ಏಳದಿದ್ದರೆ ಬೇರೆ ಥರ ಕರೆಯುತ್ತದೆ, ಗದರಿಸುತ್ತದೆ, ಅಂಗಲಾಚುತ್ತದೆ. ಅವನು ಗೇಟು ದಾಟಿದ ಕೂಡಲೇ ಸುಮ್ಮನಾಗುತ್ತದೆ. ಯಾವ ಮಾತಿಗೆ ಯಾರು ಬೇಗ ಎದ್ದರು ಎನ್ನುವುದನ್ನು ನೆನಪಿಟ್ಟುಕೊಂಡು, ಮುಂದಿನ ಸಲ ಆ ಮಾತನ್ನೇ ಮೊದಲು ಆಡುತ್ತದೆ.

ದನಿ ಕೊಡಲು ಒಂದು ಭಾನುವಾರ ಎಲ್ಲರ ಮನೆಯವರನ್ನೂ ಕ್ಯಾಂಟೀನಿಗೆ ಕರೆಸಿದ್ದೆವು. ನಮ್ಮ ವಿಭಾಗದ ಮುಖ್ಯಸ್ಥರು ನಾಡಿಗೇರ ಸರ್, ಧಾರವಾಡದವರು. ಪ್ರತಿಯೊಬ್ಬರೂ ಹೆಸರು ಹಿಡಿದು 'ಹೊರಗೆ ಹೋಗು' ಎಂದರಾಯಿತು ಎಂದು ಅವರು ಲೆಕ್ಕ ಹಾಕಿದ್ದರು. ಮೊದಲನೆಯವಳೇ ಮಾಬುಸಾಬನ ಹೆಂಡತಿ. ಮಾಬುಸಾಬ ಅಪ್ಪನ ಜೊತೆಯ ಫಿಟ್ಟರು, ಅವರಿಬ್ಬರ ಡಬ್ಬಿಗಳು ಕೂಡ ಒಂದೇ ಗೂಟಕ್ಕೆ ನೇತಾಡುತ್ತಿದ್ದವು. ಅವಳು ಮೈಕು ದೂಡಿ ಜಗಳಕ್ಕೇ ನಿಂತಳು.

"ಮನಿ ಗಂಡಸಿಗೆ ಹೋಗು ಅಂತ ಹೆಂಗ ಅನ್ನೂದ್ರೀ? ನಿಮ್ಮನ್ಯಾಗ ಹಂಗಂತಾರೇನು?"

ಹಿಂದಿನ ಸಾಲಿನ ಹೆಂಗಸರೆಲ್ಲ ಅವಳ ಕಡೆಗೆ. ಕೆಲಸಕ್ಕೆ ಹೊರಟಾಗಲೂ 'ಬರ್ತೀನಿ' ಅನ್ನುವ ಜನ ನಾವು, 'ಹೋಗು' ಎಂದು ಬಾಯಿಬಿಟ್ಟು ಹೇಗೆ ಹೇಳಿಯಾರು? ಕೊನೆಗೆ ಸರ್ ಸೋತರು. ನಮ್ಮ ಕಾರ್ಖಾನೆಯ 'ಕರೆ'ಯಲ್ಲಿ 'ಹೋಗು' ಎಂಬ ಮಾತೇ ಇಲ್ಲದಂತಾಯಿತು. ಎಲ್ಲ ದನಿಗಳೂ 'ಬಾ' ಎಂದವು.

ನಮ್ಮವ್ವ ಕಾಳಮ್ಮ ಇನ್ನೊಂದು ತಕರಾರು ತೆಗೆದಳು. ಮೈಕಿನ ಮುಂದೆ ಗಂಡನ ಹೆಸರು ಹೇಳಬೇಕು ಎಂದದ್ದೇ ತಡ, ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಯ್ಯ, ನಾ ಒಲ್ಲೆ. ಇಷ್ಟ ದಿನ ಹೇಳದದ್ದು ಈಗ್ಯಾಕ?"

"ಯವ್ವಾ, ಅದು ಬರೇ ಮಷಿನ್ನು."

"ಮಷಿನ್ನಿಗೂ ಕಿವಿ ಅದಾವಲ್ಲ?"

ಆಮೇಲೆ ಅಡಿಗೆಮನೆಯಿಂದ ಅಂಗಳಕ್ಕೆ ಕೂಗುವವಳ ಹಾಗೆ ಕುತ್ತಿಗೆ ಮುಂದೆ ಚಾಚಿ, "ರೀ… ಬರ್ರಿ. ಲಗೂ ಬರ್ರಿ" ಎಂದಳು. ಅಷ್ಟೇ ಅವಳು ಕೊಟ್ಟದ್ದು. ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎದೆ ನೋಯುತ್ತದೆ ಎಂದವಳು ದವಾಖಾನೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ತೀರಿಕೊಂಡವರ ದನಿ ಅಳಿಸಬೇಕು ಎನ್ನುವುದು ಮೊದಲಿನ ನಿಯಮ. ಅಳಿಸುವ ಕೆಲಸ ನನ್ನದೇ. ಅವ್ವನದಕ್ಕೂ, ಅದೇ ಪಟ್ಟಿಯಲ್ಲಿದ್ದ ಉಳಿದವರದಕ್ಕೂ ನನಗೆ ಕೈ ಬರಲಿಲ್ಲ, ನಾಳೆ ಅಳಿಸಿದರಾಯಿತು, ನಾಡಿದ್ದು ಅಳಿಸಿದರಾಯಿತು ಎಂದು ಮುಂದೂಡುತ್ತಿದ್ದಾಗ ಒಂದು ಅಣಕು ಬಂತು. ನಮ್ಮ ನಿಯಂತ್ರಣ ಕೋಣೆಯ ಗೋಡೆಯ ತುಂಬ ಕಾರ್ಖಾನೆಯ ನಕ್ಷೆ, ಅದರ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಹಸಿರು ಚುಕ್ಕಿ. ಪಂಪ್‌ಹೌಸಿನಿಂದ ಒಂದು ಚುಕ್ಕಿ ಹೊರಟ ವೇಗ ನೋಡಿ ನಾಡಿಗೇರ ಸರ್ ಕುರ್ಚಿಯಿಂದ ಎದ್ದೇ ನಿಂತರು.

"ಮೀನಾಕ್ಷಿ, ಎಲ್ಲಾರ್ಕಿಂತ ಮೊದಲ ಹೊರಗ ಬಂದವರು ನಿಮ್ಮ ತಂದಿಯವರು. ಬರೇ ಅವರಲ್ಲ ನೋಡ್ರಿ, ಮನಿಯವರು ತೀರಿಹೋದವರ ಕಥಿ ಎಲ್ಲಾ ಹಿಂಗ ಅದ." ಅವರ ದನಿಯಲ್ಲಿ ಸಂತೋಷ ತುಳುಕುತ್ತಿತ್ತು. "ಅಳಸಬ್ಯಾಡ್ರಿ. ಇರಲಿ."

ಮುಂದಿನ ಸಭೆಯಲ್ಲಿ ನಿಯಮವೇ ಬದಲಾಯಿತು. ಬದುಕಿದ್ದವರಿಗಿಂತ ಸತ್ತವರು ಕರೆದರೆ ಜನ ಬೇಗ ಏಳುತ್ತಾರೆ ಎಂಬ ಮಾತನ್ನು ಸಭೆಯಲ್ಲಿ ಚಹಾ ಕುಡಿಯುತ್ತ ಒಪ್ಪಿಕೊಂಡರು. ನಾನು ಚಹಾದ ಕಪ್ಪು ಕೆಳಗಿಟ್ಟೆ. ಅವ್ವನ ದನಿ ಉಳಿಯಿತಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಅಣಕು ನಡೆದ ದಿನದ ಸಂಜೆಯೇ ಕಾಲೊನಿಯ ಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ. ಅಪ್ಪ ಅಡಿಗೆಮನೆಯ ಹೊಸ್ತಿಲ ಮೇಲೆ ಬಂದು ಕೂತ.

"ಇವತ್ತ ನಿಮ್ಮವ್ವ ಕರದಳು."

"ಅಪ್ಪಾ, ಅದು ಮಷಿನ್ನು."

"ಗೊತ್ತೈತಿ ಬಿಡು. ಜೀವನಾ ಪೂರಾ ಮಷಿನ್ ರಿಪೇರಿ ಮಾಡಾಂವ, ನನಗ ಗೊತ್ತಿಲ್ಲೇನು?" ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡ. "ಗೊತ್ತಿದ್ರೂ ಜೀವ ಝಲ್ ಅಂತು ನೋಡು."

ಮುಂದಿನ ಅಣಕುಗಳಲ್ಲಿ ಅಪ್ಪನ ಚುಕ್ಕಿ ನಿಧಾನವಾಗುತ್ತ ಬಂತು. ಪಂಪ್‌ಹೌಸಿನಿಂದ ಹೊರಗೆ ಕಬ್ಬಿಣದ ಮೆಟ್ಟಿಲಿದೆ. ಅದರ ನಡುವೆ ಬಂದು ಚುಕ್ಕಿ ನಿಲ್ಲುತ್ತಿತ್ತು. ಉಳಿದವರೆಲ್ಲ ಗೇಟು ದಾಟಿದರೂ ಅಲ್ಲೇ ಇರುತ್ತಿತ್ತು. ಯಂತ್ರ ಯಾರಿಗೆ ಏನು ಹೇಳಿತು ಎನ್ನುವುದು ನಮ್ಮ ಪರದೆಯ ಮೇಲೆ ಬರುತ್ತದೆ, ಬೇಕಾದರೆ ಕೇಳಲೂಬಹುದು. ಒಂದು ದಿನ ಧೈರ್ಯ ಮಾಡಿ ಕಿವಿಗೆ ಹಾಕಿಕೊಂಡೆ. ರೀ… ಬರ್ರಿ. ಅಲ್ಲಿಯವರೆಗೆ ಅದು ನಮ್ಮವ್ವ. ಆಮೇಲೆ, ಇಷ್ಟ ಕರದ್ರೂ ಕಿವಿ ಕೇಳಂಗಿಲ್ಲೇನು? ಅದೂ ನಮ್ಮವ್ವನೇ ಅನ್ನಿಸಿತು. ಕೊನೆಗೆ, ನಿಮ್ಮ ಕಾಲಿಗೆ ಬೀಳ್ತೀನ್ರಿ, ಬರ್ರಿ. ನಮ್ಮವ್ವ ಬದುಕಿರುವಾಗ ಯಾರ ಕಾಲಿಗೂ ಹಾಗೆ ಬೀಳಲಿಲ್ಲ. ಅದೇ ದನಿ, ಅದೇ ಉಸಿರು, ಅವಳು ಎಂದೂ ಆಡದ ಮಾತು. ಕಿವಿಯಿಂದ ಕಿತ್ತು ಮೇಜಿನ ಮೇಲಿಟ್ಟೆ.

ಮನೆಯಲ್ಲಿ ಅಪ್ಪನನ್ನು ಕೇಳಿಯೇಬಿಟ್ಟೆ.

"ಮೆಟ್ಟಲದ ಮ್ಯಾಲ ಯಾಕ ನಿಂದರ್ತಿ?"

ಅಪ್ಪ ನಾಚಿಕೊಂಡ. ಆ ವಯಸ್ಸಿನ ಗಂಡಸು ನಾಚಿಕೊಂಡದ್ದನ್ನು ನಾನು ನೋಡಿರಲಿಲ್ಲ.

"ಮೊದಲ ಬರ್ರಿ ಅಂತಾಳ. ಹೋಗಲಿಲ್ಲ ಅಂದ್ರ ಬೈತಾಳ. ಥೇಟ್ ಅಕೀನ ಬೈದಂಗ. ಗೇಟ ದಾಟಿದ್ರ ಬಾಯಿ ಮುಚ್ಚಿಬಿಡ್ತಾಳ. ಅದಕ್ಕ…"

"ಅದಕ್ಕ?"

"ಬೈಯೂದು ಕೇಳಾಕಂತ ಒಂದೀಟು ನಿಂದರ್ತೀನಿ."

ನನಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟು ಬಂತು. "ನಾಳೆ ಖರೇನ ಗ್ಯಾಸ್ ಬಿಟ್ರ ಏನ್ ಮಾಡ್ತಿ?"

"ಖರೇ ಬಂದಾಗ ನಿಂದರ್ತೀನೇನು? ಹುಚ್ಚ ಹಿಡದೈತೇನು ನನಗ?"

"ಖರೇ ಯಾವ್ದು, ಅಣಕ ಯಾವ್ದು ಅಂತ ಹೆಂಗ ಗೊತ್ತಾಗ್ತೈತಿ ನಿನಗ? ಎರಡರಾಗೂ ಅಕೀನ ಕರಿಯಾಕಿ."

ಅಪ್ಪ ತಾಟಿನಲ್ಲಿದ್ದ ಅನ್ನ ಕಲಸುತ್ತಲೇ ಇದ್ದ.

ಅಪ್ಪನಿಗೆ ಅವ್ವನ ದನಿ ತೆಗೆದು ನನ್ನ ದನಿ ಹಾಕಬೇಕು ಎಂದು ನಾಡಿಗೇರ ಸರ್ ಹತ್ತಿರ ಹೋದೆ. ಅವರ ಮುಂದೆ ಉತ್ಪಾದನಾ ವಿಭಾಗದವರು ಕೂತಿದ್ದರು. ಪಾಳಿಗೆ ತಡವಾಗಿ ಬರುವವರನ್ನು ಹಾಸಿಗೆಯಿಂದ ಎಬ್ಬಿಸಲು 'ಕರೆ' ಬಳಸಬಹುದೇ ಎಂದು ಕೇಳಲು ಬಂದಿದ್ದರು. ಸರ್ ಬೇಡ ಎನ್ನಲಿಲ್ಲ, ನೋಡೋಣ ಎಂದರು. ಒಂದು ಕಾಲಕ್ಕೆ ಹವಾಲ್ದಾರನ ಕೋಣೆಗೆ ಯಾರೂ ಇಣುಕುತ್ತಿರಲಿಲ್ಲ, ಈಗ ಎಲ್ಲರಿಗೂ ನಾವೇ ಬೇಕು. ನನ್ನ ಮಾತು ಕೇಳಿ ಅವರು, "ನಿಮ್ಮ ಸಂಕಟ ಅರ್ಥ ಆಗ್ತದ. ಆದ್ರ ತಂದಿಯವರು ಒಪ್ಪಬೇಕಲ್ಲ, ಅವರ ಒಪ್ಪಿಗಿ ಇಲ್ದ ಹೆಂಗ ತಗೀಲಿಕ್ಕೆ ಬರ್ತದ?" ಎಂದರು.

ಅಪ್ಪ ಒಪ್ಪಲಿಲ್ಲ.

"ನೀ ಊಟಕ್ಕ ಕರೀತಿ, ಚಾಕ್ಕ ಕರೀತಿ, ಜಳಕಕ್ಕ ಕರೀತಿ. ಅಕೀ ಮತ್ತೆಲ್ಲಿ ಕರೀತಾಳವ್ವಾ? ಅದನ್ನ ತಗದ್ರ ಅಕೀನ್ನ ಇನ್ನೊಂದ ಸಲ ಮಣ್ಣು ಮಾಡಿದಂಗ."

ಅದಾದ ಮೇಲೆ ಅಣಕು ಇದ್ದ ದಿನ ನಾನು ಇಡೀ ಕಾರ್ಖಾನೆಯ ಚುಕ್ಕಿಗಳನ್ನು ಬಿಟ್ಟು ಒಂದೇ ಚುಕ್ಕಿ ನೋಡುತ್ತ ಕೂರುತ್ತಿದ್ದೆ. ಅದು ನಿಲ್ಲುತ್ತಿತ್ತು, ಬೈಸಿಕೊಳ್ಳುತ್ತಿತ್ತು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಹೊರಡುತ್ತಿತ್ತು.

ಖರೇ ಬಂದದ್ದು ಬೇಸಿಗೆಯ ಒಂದು ಮಧ್ಯಾಹ್ನ, ಊಟದ ಹೊತ್ತು ಕಳೆದ ಮೇಲೆ. ಪಂಪ್‌ಹೌಸಿನ ಹಿಂದಿನ ಪೈಪಿನ ಜೋಡಣೆಯಲ್ಲಿ ಸೋರದಂತೆ ಇಟ್ಟ ಗ್ಯಾಸ್ಕೆಟ್ ಸೀಳಿ ಅಮೋನಿಯಾ ನುಗ್ಗಿತು. ಗೋಡೆಯ ನಕ್ಷೆ ಆ ಮೂಲೆಯಲ್ಲಿ ಕೆಂಪಾಯಿತು. ಅವತ್ತು ಅಣಕು ಇರಲಿಲ್ಲ ಎನ್ನುವುದು ನಮ್ಮ ಕೋಣೆಯಲ್ಲಿ ಇದ್ದವರಿಗೆ ಮಾತ್ರ ಗೊತ್ತಿತ್ತು. ಕ್ಯಾಮೆರಾದಲ್ಲಿ ಬಿಳಿ ಹೊಗೆ ನೆಲ ಹಿಡಿದು ಹರಿಯುವುದು ಕಾಣಿಸಿತು. ಗಾಳಿ ನದಿಯ ಕಡೆಯಿಂದ ಬೀಸುತ್ತಿತ್ತು. ಯಂತ್ರ ನದಿಯ ಕಡೆಯ ಗೇಟು ಆರಿಸಿತು. ಎಲ್ಲರ ಕಿವಿಯಲ್ಲೂ ಅಮ್ಮಂದಿರು, ಹೆಂಡಂದಿರು, ಮಕ್ಕಳು ಬಾ ಬಾ ಎಂದರು. ಚುಕ್ಕಿಗಳು ಹೊರಟವು. ನಾವು ಇಷ್ಟು ದಿನ ಕಷ್ಟಪಟ್ಟದ್ದು ಸಾರ್ಥಕವಾಯಿತು ಎಂದು ನಾಡಿಗೇರ ಸರ್ ಮುಖದಲ್ಲಿ ಬರೆದಿತ್ತು.

ಅಪ್ಪನ ಚುಕ್ಕಿ ಮೆಟ್ಟಿಲ ಮೇಲೆ ನಿಂತಿತು.

ಕ್ಯಾಮೆರಾ ಅತ್ತ ತಿರುಗಿಸಿದೆ. ಅಪ್ಪ ಕಂಬಿ ಹಿಡಿದು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಂತಿದ್ದ. ಗಾಳಿ ಅವನ ಮುಂದಿನಿಂದ ಬೀಸುತ್ತಿದ್ದುದರಿಂದ ವಾಸನೆ ಇನ್ನೂ ಮೂಗಿಗೆ ಬಡಿದಿರಲಿಲ್ಲ. ಭಾರದ ಹೊಗೆ ಮಾತ್ರ ಗಾಳಿಗೆ ಎದುರಾಗಿ, ನೆಲ ಹಿಡಿದು ಹಿಂದಿನಿಂದ ಮೆಟ್ಟಿಲ ಬುಡಕ್ಕೆ ಬಂದು ಸೇರುತ್ತಿತ್ತು. ಕೆಳಗಿನಿಂದ ಮಾಬುಸಾಬ ಎರಡೂ ಕೈ ಎತ್ತಿ ಕೂಗಿದ, ಆಮೇಲೆ ಅವನ ಹೆಂಡತಿ ಅವನ ಕಿವಿಯಲ್ಲಿ ಕೂಗಿರಬೇಕು, ಓಡಿದ. ಪರದೆಯ ಮೇಲೆ ಅವ್ವನ ಮಾತುಗಳು ಒಂದರ ಕೆಳಗೊಂದು ಬರುತ್ತಿದ್ದವು. ರೀ… ಬರ್ರಿ. ಲಗೂ ಬರ್ರಿ. ಕಿವಿ ಕೇಳಂಗಿಲ್ಲೇನು? ಅಪ್ಪನ ತುಟಿಯ ಮೇಲೆ ಸಣ್ಣ ನಗು ಇತ್ತು.

ನಾನು ಅವ್ವನ ದನಿ ತಡೆದು ಮೈಕು ಎಳೆದುಕೊಂಡೆ. "ಅಪ್ಪಾ, ನಾನು ಮೀನಾಕ್ಷಿ. ಇದು ಖರೇ ಐತಿ. ನಿನ್ನ ಹಿಂದ ಗ್ಯಾಸ್ ಬಂದೈತಿ. ಬಾ ಅಪ್ಪಾ!"

ಅಪ್ಪ ಮುಖ ಸಿಂಡರಿಸಿ, ಕಿವಿಯ ಹತ್ತಿರ ನೊಣ ಓಡಿಸುವ ಹಾಗೆ ಕೈ ಬೀಸಿದ. ಅವಳ ಮಾತಿನ ನಡುವೆ ನಾನು ಬಾಯಿ ಹಾಕಿದ್ದೆ. ಅವನಿಗೆ ನನ್ನ ಮಾತು ಬೇಕಿರಲಿಲ್ಲ. ಅಷ್ಟು ನೋವು ನನಗೆ ಅವ್ವ ಸತ್ತ ದಿನವೂ ಆಗಿರಲಿಲ್ಲ.

ಮೈಕು ಬಿಟ್ಟೆ. ಬೇಕಾದ ಮಾತನ್ನು ಬರೆದು ಯಂತ್ರದ ಬಾಯಲ್ಲಿ ಆಡಿಸುವ ಅನುಕೂಲವೂ ನಮಗಿದೆ. ಏನು ಬರೆಯಲಿ ಎಂದು ಯೋಚಿಸಲಿಲ್ಲ, ಬೆರಳೇ ಬರೆದವು. ಅಪ್ಪನ ಕಿವಿಯಲ್ಲಿ ಅವ್ವ ಹೇಳಿದಳು:

"ನಾ ಗೇಟಿನ ಆಚೆ ನಿಂತೀನ್ರಿ. ಒಬ್ಬಾಕಿನ ಅದೀನಿ."

ಅಪ್ಪನ ನಗು ಆರಿತು. ಕಂಬಿ ಬಿಟ್ಟ. ಕೆಮ್ಮುತ್ತ, ಕಣ್ಣು ತಿಕ್ಕುತ್ತ, ಎರಡೆರಡು ಮೆಟ್ಟಿಲು ಹಾರಿ, ಹೊಗೆಯ ಅಂಚು ತುಳಿದು ಓಡಿದ. ಮಂಡಿನೋವಿನ ಮನುಷ್ಯ ಹಾಗೆ ಓಡಬಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ.

ಸರ್ ಕೈಗೆ ಮೈಕು ಕೊಟ್ಟು ನಾನೂ ನದಿಯ ಗೇಟಿಗೆ ಓಡಿದೆ. ಹೊರಗೆ ಜನ ಒದ್ದೆ ಬಟ್ಟೆ ಮುಖಕ್ಕೆ ಹಿಡಿದು ಕೂತಿದ್ದರು. ಅಪ್ಪ ಕೂತಿರಲಿಲ್ಲ. ಕೆಂಡದಂಥ ಕಣ್ಣಿನಿಂದ ನೀರು ಸುರಿಸುತ್ತ ಒಬ್ಬೊಬ್ಬರ ಹತ್ತಿರವೂ ಹೋಗಿ, ಮುಖ ನೋಡಿ, ಮುಂದಕ್ಕೆ ಹೋಗುತ್ತಿದ್ದ. ನನ್ನ ಮುಖವನ್ನೂ ನೋಡಿ ಮುಂದಕ್ಕೆ ಹೋದ. ನಾನು ತೋಳು ಹಿಡಿದು ನಿಲ್ಲಿಸಿದಾಗ ಗಂಟಲು ಹರಿದ ದನಿಯಲ್ಲಿ, "ಎಲ್ಲದಾಳ?" ಎಂದ.

"ಬಾ ಅಪ್ಪಾ, ದವಾಖಾನಿಗೆ ಹೋಗೂಣು," ಎಂದೆ.

ಯಾರೂ ಸಾಯಲಿಲ್ಲ. ಪತ್ರಿಕೆಗಳು ಹೊಗಳಿದವು, ಕಂಪನಿಯ ಬೇರೆ ಘಟಕಗಳಿಂದ ಜನ ನೋಡಲು ಬಂದರು, ನಾಡಿಗೇರ ಸರ್‌ಗೆ ಬಡ್ತಿ ಸಿಕ್ಕಿತು. ದವಾಖಾನೆಯಲ್ಲಿ ಅಪ್ಪನ ಕೆಮ್ಮು ಕಡಿಮೆಯಾದ ಮೇಲೆ ನಾನು ಮಂಚದ ಅಂಚಿನಲ್ಲಿ ಕೂತು ಇದ್ದದ್ದನ್ನು ಹೇಳಿದೆ.

"ಆ ಮಾತು ನಾ ಬರದದ್ದಪ್ಪಾ. ಯಂತ್ರದ್ದೂ ಅಲ್ಲ, ಅವ್ವಂದೂ ಅಲ್ಲ. ನಂದು."

"ಗೊತ್ತೈತಿ." ಅಪ್ಪ ನನ್ನ ಕಡೆ ತಿರುಗಿದ. "ಆದ್ರ ಅಕೀ ಒಬ್ಬಾಕಿನ ಅದಾಳಂತ ನಿನಗ ಹೆಂಗ ಗೊತ್ತಾತು?"

ನಾನು ಅವನ ಗುಳಿಗೆಗೆ ನೀರು ತರಲು ಎದ್ದೆ.

ಅಪ್ಪ ಮತ್ತೆ ಕೆಲಸಕ್ಕೆ ಬಂದ. ಅವನನ್ನು ಪಂಪ್‌ಹೌಸಿನಿಂದ ತೆಗೆದು ಉಗ್ರಾಣಕ್ಕೆ ಹಾಕಿಸಿದೆ. ಅವ್ವನ ದನಿ ತೆಗೆಸಲು ಮತ್ತೆ ಬೇಡಿಕೊಂಡೆ. "ಆ ದನಿನ ನಿಮ್ಮ ತಂದಿಯವರ ಜೀವಾ ಉಳಿಸ್ಯದ, ಅದನ್ನ ಹೆಂಗ ತಗೀಲಿ?" ಎಂದರು ಸರ್.

ಮಳೆಗಾಲಕ್ಕೆ ಮೊದಲು ಇನ್ನೊಂದು ಅಣಕು. ಈ ಸಲ ನಿಯಂತ್ರಣ ಕೋಣೆಯವರೂ ಕೊನೆಗೆ ಹೊರಗೆ ಬರಬೇಕು ಎಂದು ಹೊಸದಾಗಿ ಸೇರಿಸಿದ್ದರು. ನಮಗೂ ಹೆಲ್ಮೆಟ್ಟು ಕೊಟ್ಟರು. ಸೈರನ್ ಆದ ಕೂಡಲೇ ಪರದೆಯ ಮೇಲೆ ಸಾಲುಗಳು ಬರತೊಡಗಿದವು. ಮಾಬುಸಾಬನಿಗೆ ಈ ಸಲ ಹೆಂಡತಿ ಕರೆಯುತ್ತಿರಲಿಲ್ಲ. ಮೊದಲೊಮ್ಮೆ ದನಿ ಕೊಟ್ಟು ಈಗ ಇಲ್ಲವಾದ ಅವನ ತಾಯಿ ಕರೆಯುತ್ತಿದ್ದಳು. 'ಮಾಬೂ, ನಾ ಗೇಟಿನ ಆಚೆ ನಿಂತೀನಿ. ಒಬ್ಬಾಕಿನ ಅದೀನಿ.' ಅದರ ಕೆಳಗೆ ಇನ್ನೊಬ್ಬನ ಅಣ್ಣ, ಅದೇ ಮಾತು. ಮತ್ತೊಬ್ಬಳ ಮಗಳು, ಅದೇ ಮಾತು. ಮನೆಯಲ್ಲಿ ಸತ್ತವರಿದ್ದ ಎಲ್ಲರಿಗೂ ಕರೆದವರು ಸತ್ತವರೇ, ಎಲ್ಲರ ಬಾಯಲ್ಲೂ ನಾನು ಬರೆದ ಮಾತು. ಒಬ್ಬ ಮನುಷ್ಯನನ್ನು ಸಾವಿನ ಬಾಯಿಂದ ಎಳೆದು ತಂದ ಮಾತಿಗಿಂತ ಒಳ್ಳೆಯ ಮಾತು ಯಂತ್ರಕ್ಕೆ ಎಲ್ಲಿ ಸಿಗಬೇಕು?

ಚುಕ್ಕಿಗಳು ಹಿಂದೆಂದೂ ಇಲ್ಲದ ವೇಗದಲ್ಲಿ ಓಡಿದವು. ಸರ್ ಚಪ್ಪಾಳೆ ತಟ್ಟಿದರು. ಗೇಟಿನ ಹೊರಗಿನ ಕ್ಯಾಮೆರಾದಲ್ಲಿ ಜನ ಎಂದಿನಂತೆ ಸಾಲು ನಿಂತಿರಲಿಲ್ಲ. ಹಾಜರಿ ಕೂಗುವವನು ಕೂಗುತ್ತಲೇ ಇದ್ದ, ಯಾರೂ ಓಗೊಡಲಿಲ್ಲ. ಎಲ್ಲರೂ ಗೇಟಿನ ಹೊರಗಿನ ಬಯಲಲ್ಲಿ ಚದುರಿ, ಹಣೆಗೆ ಕೈ ಅಡ್ಡ ಹಿಡಿದು, ಯಾರನ್ನೋ ಹುಡುಕುತ್ತಿದ್ದರು. ಮಾಬುಸಾಬ ಬೇವಿನ ಮರದ ಹಿಂದೆ ಹೋಗಿ ನೋಡಿ ಬಂದ.

ಆಗ ನನ್ನ ಕಿವಿಯ ಹಿಂದಿನ ಬಿಲ್ಲೆ ಸಣ್ಣಗೆ ಬಿಸಿಯಾಯಿತು.

"ಮೀನಾಕ್ಷೀ… ನಾ ಗೇಟಿನ ಆಚೆ ನಿಂತೀನಿ. ಒಬ್ಬಾಕಿನ ಅದೀನಿ. ಲಗೂ ಬಾರವ್ವಾ."

ಅದು ಸುಳ್ಳು ಎಂದು ಈ ಭೂಮಿಯ ಮೇಲೆ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಒಂದೊಂದು ಅಕ್ಷರವನ್ನೂ ಬರೆದವಳು ನಾನು. ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಕೇಳಿಸಿತು. ಸರ್ ಏನೋ ಕೇಳಿದರು. ಮೆಟ್ಟಿಲು ಇಳಿದದ್ದು ನೆನಪಿಲ್ಲ, ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಿಲ್ಲ, ಗೇಟು ದಾಟಿ ಬಿಸಿಲಿಗೆ ಬಂದಾಗ ನಾನು "ಯವ್ವಾ" ಎಂದು ಕೂಗುತ್ತಿದ್ದೆನಂತೆ. ಬಿಲ್ಲೆ ಸುಮ್ಮನಾಗಿತ್ತು.

ಅಪ್ಪ ರಸ್ತೆಯ ಅಂಚಿನಲ್ಲಿ ನಿಂತಿದ್ದ. ನನ್ನ ಬರಿಗಾಲು ನೋಡಿದ, ಮುಖ ನೋಡಿದ.

"ನಿನಗೂ ಕರದಳೇನು?"

"ಹೂಂ ಅಪ್ಪಾ."

ಅಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟ. ಕಾರ್ಖಾನೆಗೆ ಬೆನ್ನು ಮಾಡಿ, ಇಬ್ಬರೂ ರಸ್ತೆ ನೋಡುತ್ತ ನಿಂತೆವು.